ಬಂಡಿ ದಾರಿಯ ದಾವೆ: ಮೂಡಿಗೆರೆ ತಾಲ್ಲೂಕಿನ ಒಂದು ಪ್ರಕರಣ

2017ರ ಡಿಸೆಂಬರ್‌ನಲ್ಲಿ ಚಿಕ್ಕಮ್ಮನ ಮನೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಸಹಿ ಹಾಕಿ ತೆಗೆದುಕೊಂಡರು, ಒಡೆದು ನೋಡಿದರು, ಮೇಲೆ ಕೋರ್ಟಿನ ಹೆಸರಿತ್ತು, ಒಳಗಿನದು ಅರ್ಥವಾಗಲಿಲ್ಲ. ದೇವರ ಗೂಡಿನ ಪಕ್ಕ ಸಿಕ್ಕಿಸಿಟ್ಟರು. ಮೂರು ವಾರ ಕಳೆದ ಮೇಲೆ, ರೊಬಸ್ಟಾ ಕೊಯ್ಲು ಶುರುವಾದ ಹೊತ್ತಿಗೆ, ತೋಟಕ್ಕೆ ಹೋಗುವ ಬಂಡಿ ದಾರಿಗೆ ಕಲ್ಲುಕಂಬ ನೆಟ್ಟು ಐದು ಸಾಲು ಮುಳ್ಳುತಂತಿ ಎಳೆದಿತ್ತು. ಆ ದಿನ ನನಗೆ ಫೋನ್ ಬಂತು. ಲಕೋಟೆಯ ವಿಷಯ ಗೊತ್ತಾದದ್ದು ಅದಕ್ಕೂ ಎರಡು ತಿಂಗಳ ನಂತರ.

ನಾನು ವಕೀಲನಲ್ಲ. ಚಿಕ್ಕಮಗಳೂರಿನಲ್ಲಿ ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವವನು. ಆರು ವರ್ಷ ಈ ಕೇಸಿನ ಫೈಲು ಹೊತ್ತು ಮೂಡಿಗೆರೆಗೆ ಓಡಾಡಿದ್ದರಿಂದ, ಎಲ್ಲಿ ಏನು ತಪ್ಪಿತು ಎಂಬುದು ಈಗ ಸ್ವಲ್ಪ ಕಾಣುತ್ತದೆ. ಊರಿನ ಹೆಸರು, ಸರ್ವೆ ನಂಬರು, ಜನರ ಹೆಸರು ಯಾವುದನ್ನೂ ಬರೆಯುವುದಿಲ್ಲ. ಎದುರು ಪಕ್ಷದವರು ಇವತ್ತಿಗೂ ನಮ್ಮ ನೆರೆಯವರೇ.

ಜಮೀನಿನ ಸ್ಥಿತಿ

ಚಿಕ್ಕಮ್ಮನದು ಎರಡು ಎಕರೆ ಹತ್ತು ಗುಂಟೆ ಕಾಫಿ ತೋಟ, ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದ್ದು. ಚಿಕ್ಕಪ್ಪ 2009ರಲ್ಲಿ ತೀರಿಕೊಂಡರು. ತೋಟ ಒಳಗಿದೆ. ಡಾಂಬರು ರಸ್ತೆಯಿಂದ ಅಲ್ಲಿಗೆ ಹೋಗಬೇಕಾದರೆ ಮುಂದಿನ ತೋಟ ದಾಟಲೇಬೇಕು. ಆ ತೋಟದ ನಡುವೆ ಹತ್ತಡಿ ಅಗಲದ ದಾರಿ ಇತ್ತು. ಮೊದಲು ಎತ್ತಿನ ಗಾಡಿ ಹೋಗುತ್ತಿತ್ತು, ಆಮೇಲೆ ಪಿಕಪ್. ಹಿಂಬದಿಯಲ್ಲಿ ಹೇಮಾವತಿಗೆ ಸೇರುವ ಒಂದು ಹಳ್ಳ, ಅದರ ಮೇಲೆ ಅಡಿಕೆ ಮರದ ಸಂಕ (ಕಾಲುಸೇತುವೆ), ಆಚೆ ಒಂದು ಕಾಲುದಾರಿ. ಈ ಸಂಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಕೇಸಿಗೇ ಅಡ್ಡ ಬರುತ್ತದೆ.

ಮುಂದಿನ ತೋಟ ಚಿಕ್ಕಪ್ಪನ ಚಿಕ್ಕಪ್ಪನ ಮಕ್ಕಳದ್ದು. ಅವರು 2017ರಲ್ಲಿ ಬೆಂಗಳೂರಿನವರೊಬ್ಬರಿಗೆ ಮಾರಿ ಊರು ಬಿಟ್ಟರು. ಕ್ರಯಪತ್ರದಲ್ಲಿ ದಾರಿಯ ಸುದ್ದಿಯೇ ಇಲ್ಲ. ಕೊಂಡವರು ಮೂವತ್ತು ವರ್ಷದ ಇಸಿ (ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) ತೆಗೆಸಿದ್ದರು, ಅದರಲ್ಲೂ ಏನೂ ಇರಲಿಲ್ಲ. ಅವರ ಕಡೆಯಿಂದ ನೋಡಿದರೆ, ದುಡ್ಡು ಕೊಟ್ಟು ಕೊಂಡ ತೋಟದ ನಡುವೆ ಯಾರೋ ಪಿಕಪ್ ಓಡಿಸುತ್ತಾರೆ, ಕೇಳಿದರೆ ‘ಮೊದಲಿಂದ್ಲೂ ಹಿಂಗೇ’ ಅನ್ನುತ್ತಾರೆ. ನಾನಾಗಿದ್ದರೂ ಬೇಲಿ ಹಾಕುತ್ತಿದ್ದೆನೇನೋ.

ಬೇಲಿ ಬಿದ್ದ ಮಾರನೇ ದಿನ ಪೊಲೀಸ್ ಠಾಣೆಗೆ ಹೋದೆವು. ‘ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಿ’ ಎಂದು ಹಿಂಬರಹ ಕೊಟ್ಟರು. ತಾಲ್ಲೂಕು ಕಚೇರಿಯಲ್ಲಿ ಗ್ರಾಮ ನಕಾಶೆ ತೆಗೆಸಿ ನೋಡಿದರೆ, ಚುಕ್ಕಿ ಗೆರೆಯ ಬಂಡಿ ದಾರಿ ಮುಂದಿನ ತೋಟದ ಅಂಚಿಗೆ ಬಂದು ನಿಂತಿತ್ತು. ನಕಾಶೆಯಲ್ಲಿ ದಾರಿ ಕಂಡಿದ್ದರೆ ತಹಶೀಲ್ದಾರರ ಮಟ್ಟದಲ್ಲೇ ಏನಾದರೂ ಮಾಡಿಸಬಹುದಿತ್ತು. ಕಾಣದ ಖಾಸಗಿ ದಾರಿಗೆ ಸಿವಿಲ್ ಕೋರ್ಟೇ ಗತಿ.

ಮೊದಲನೇ ವಕೀಲರು

ಅವರನ್ನು ಆರಿಸಿದ್ದು ನಾನೇ, ಆ ತಪ್ಪು ನನ್ನದೇ. ನಮ್ಮ ಬೀಗರ ಕಡೆಯವರು, ಜಿಲ್ಲಾ ಕೇಂದ್ರದಲ್ಲಿ ದೊಡ್ಡ ಆಫೀಸು, ಸೋಫಾ ತುಂಬಾ ಕಕ್ಷಿದಾರರು. ಕೂತ ಹತ್ತು ನಿಮಿಷದಲ್ಲಿ ಅವರು ಮಾತು ಮುಗಿಸಿದರು. ‘ಸ್ಟೇ ತರೋಣ, ಇಪ್ಪತ್ತೈದು ಸಾವಿರ ಕೊಡಿ, ಪಹಣಿ ತನ್ನಿ.’ ಚಿಕ್ಕಮ್ಮ ವಕಾಲತ್ತಿಗೆ ಸಹಿ ಹಾಕಿದರು. ಟೈಪು ಮಾಡಿದ ದಾವೆಯ ಪ್ರತಿಯನ್ನು ನಾನು ಓದಲಿಲ್ಲ. ಓದಿದ್ದರೂ ಆಗ ಹೊಳೆಯುತ್ತಿರಲಿಲ್ಲ ಅನ್ನಿ.

2018ರ ಮಾರ್ಚ್‌ನಲ್ಲಿ ದಾವೆ ದಾಖಲಾಯಿತು. ಅದರಲ್ಲಿ ಕೇಳಿದ್ದು ಒಂದೇ ಪರಿಹಾರ: ‘ವಾದಿಯು ಷೆಡ್ಯೂಲು ಸ್ವತ್ತಿನ ಶಾಂತಿಯುತ ಸ್ವಾಧೀನಾನುಭವದಲ್ಲಿದ್ದು, ಪ್ರತಿವಾದಿಯು ಅದಕ್ಕೆ ಅಡ್ಡಿಪಡಿಸದಂತೆ ಶಾಶ್ವತ ನಿರ್ಬಂಧಕಾಜ್ಞೆ’. ಷೆಡ್ಯೂಲು ಸ್ವತ್ತು ಯಾವುದು? ಪಹಣಿಯಲ್ಲಿದ್ದ ಎರಡು ಎಕರೆ ಹತ್ತು ಗುಂಟೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಪ್ರತಿವಾದಿಯ ಜಮೀನು, ಉತ್ತರ ದಕ್ಷಿಣಕ್ಕೆ ಬೇರೆಯವರದು. ದಾರಿ ಎಂಬ ಪದ ಚಕ್ಕುಬಂದಿಯಲ್ಲಿ ಒಂದು ಕಡೆಯೂ ಇಲ್ಲ.

ಚಿಕ್ಕಮ್ಮನ ತೋಟಕ್ಕೆ ಯಾರೂ ಕೈ ಹಾಕಿರಲಿಲ್ಲ. ಜಗಳ ಇದ್ದದ್ದು ಎದುರಿನವರ ಜಮೀನಿನೊಳಗಿನ ಹತ್ತಡಿ ಪಟ್ಟಿಯ ಮೇಲೆ, ಅದರ ಮೇಲೆ ಓಡಾಡುವ ಹಕ್ಕಿನ ಮೇಲೆ. ದಾವೆ ಕೇಳಿದ್ದು ಯಾರೂ ಮುಟ್ಟದ ತೋಟಕ್ಕೆ ರಕ್ಷಣೆ. ಅಂಗಡಿಯ ಬಾಕಿ ಒಬ್ಬನ ಹೆಸರಲ್ಲಿದ್ದು ನೋಟಿಸು ಇನ್ನೊಬ್ಬನಿಗೆ ಕಳಿಸಿದ ಹಾಗೆ.

ಸ್ಟೇ ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಆ ಲಕೋಟೆಯಲ್ಲಿತ್ತು. ಅದು ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಡಿ, ತನ್ನ ಮೇಲೆ ದಾವೆ ಬೀಳಬಹುದು ಎಂದು ಅನುಮಾನವಿರುವವರು ‘ನನ್ನನ್ನು ಕೇಳದೆ ಆದೇಶ ಮಾಡಬೇಡಿ’ ಎಂದು ಕೋರ್ಟಿಗೆ ಮೊದಲೇ ಹೇಳಿಡಬಹುದು. ಅದು 90 ದಿನ ಊರ್ಜಿತವಿರುತ್ತದೆ. ಯಾರ ವಿರುದ್ಧ ಹಾಕುತ್ತಾರೋ ಅವರಿಗೆ ನೋಟಿಸು ಕಳಿಸಲೇಬೇಕು. ಎಂದರೆ ನಮ್ಮ ಮನೆಗೆ ಬಂದದ್ದು ಒಂದು ಥರದಲ್ಲಿ ಮುನ್ಸೂಚನೆ: ‘ಇನ್ನು ಕೆಲವೇ ದಿನಗಳಲ್ಲಿ ನೀವು ಕೋರ್ಟಿಗೆ ಹೋಗುವಂಥದ್ದೇನೋ ಮಾಡಲಿದ್ದೇನೆ’. ಅಂದೇ ಅದನ್ನು ಒಬ್ಬ ವಕೀಲರಿಗೆ ತೋರಿಸಿದ್ದರೆ ಬೇಲಿ ಬೀಳುವ ಮೊದಲೇ, ದಾರಿ ತೆರೆದಿರುವಾಗಲೇ, ಕೋರ್ಟಿನ ಮುಂದೆ ನಿಲ್ಲಬಹುದಿತ್ತು. ಇರುವ ದಾರಿ ಮುಚ್ಚಬೇಡಿ ಎಂದು ತಡೆಯಾಜ್ಞೆ ಪಡೆಯುವುದಕ್ಕೂ ಮುಚ್ಚಿದ ದಾರಿಯನ್ನು ತೆರೆಸುವುದಕ್ಕೂ ಅಜಗಜಾಂತರ. ಮುಚ್ಚಿದ್ದನ್ನು ತೀರ್ಪಿಗೆ ಮೊದಲೇ ತೆರೆಸಲು ಕೋರ್ಟುಗಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಎದುರಿನವರು ಲಿಖಿತ ಹೇಳಿಕೆ ಸಲ್ಲಿಸಿದರು. ಸಮನ್ಸ್ ಮುಟ್ಟಿದ 30 ದಿನದಲ್ಲಿ ಸಲ್ಲಿಸಬೇಕು, ಕೋರ್ಟು 90 ದಿನದವರೆಗೆ ಬಿಡಬಹುದು. ಅವರು ತೊಂಬತ್ತರ ಗಡಿಗೆ ಬಂದು ಸಲ್ಲಿಸಿದರು. ‘ವಾದಿಯ ಜಮೀನಿಗೆ ನಾವು ಹೋಗಿಲ್ಲ, ಹೋಗುವುದೂ ಇಲ್ಲ. ನಮ್ಮ ಜಮೀನಿನಲ್ಲಿ ದಾರಿ ಎಂಬುದು ಇಲ್ಲವೇ ಇಲ್ಲ. ವಾದಿಗೆ ಹಳ್ಳದ ಕಡೆಯಿಂದ ಬೇರೆ ದಾರಿಯಿದೆ.’ ಮೊದಲ ವಾಕ್ಯವೇ ನಮ್ಮ ದಾವೆಯ ಗಾಳಿ ತೆಗೆದಿತ್ತು. ಸೆಪ್ಟೆಂಬರ್‌ನಲ್ಲಿ, ಸ್ಟೇ ಕೇಳಿದ್ದ ಮಧ್ಯಂತರ ಅರ್ಜಿ ವಜಾ ಆಯಿತು.

ಅಲ್ಲಿಂದ ಮುಂದೆ ಎರಡೂವರೆ ವರ್ಷ ಬರೀ ವಾಯಿದೆ. ತಾರೀಖಿಗೆ ಐನೂರು ರೂಪಾಯಿ. ಚಿಕ್ಕಮ್ಮ ಬೆಳಗ್ಗೆ ಏಳರ ಬಸ್ಸಿಗೆ ಬಂದು ಕೋರ್ಟಿನ ಜಗಲಿಯಲ್ಲಿ ಕೂರುವುದು, ವಕೀಲರ ಜೂನಿಯರ್ ಬಂದು ‘ಮುಂದಿನ ತಿಂಗಳು ಹದಿನಾಲ್ಕು’ ಎನ್ನುವುದು. 2019ರ ಆಗಸ್ಟ್ ಮಳೆಯಲ್ಲಿ ಹಳ್ಳದ ಸಂಕ ಕೊಚ್ಚಿಹೋಯಿತು. ಆ ವರ್ಷ ಮೂಡಿಗೆರೆ ಸೀಮೆಯಲ್ಲಿ ಗುಡ್ಡಗಳೇ ಕುಸಿದವು, ಸಂಕದ ಲೆಕ್ಕ ಯಾರಿಟ್ಟಾರು? ಹೊಸ ಸಂಕ ಹಾಕಿಸಿ ಕಾಫಿ ಹಣ್ಣಿನ ಚೀಲಗಳನ್ನು ತಲೆಹೊರೆಯಲ್ಲಿ ದಾಟಿಸಿದೆವು. ಆಮೇಲೆ ಕೊರೋನಾ.

2021ರ ಜನವರಿಯಲ್ಲಿ ಪರಿಚಯದ ಹುಡುಗನೊಬ್ಬ ನನ್ನ ಫೋನಿಗೆ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಟ್ಟ. ಪ್ರತಿ ಕೇಸಿಗೂ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟರೆ ಯಾವ ತಾರೀಖು ಏನಾಯಿತು ಎಂಬುದೆಲ್ಲ ಕಾಣುತ್ತದೆ. ನಮ್ಮ ಕೇಸಿನ ಎದುರು ಬರೆದಿದ್ದದ್ದು ಇಷ್ಟು: ‘ವಾದಿ ಗೈರು. ವಾದಿಯ ಸಾಕ್ಷ್ಯ ಇಲ್ಲವೆಂದು ಪರಿಗಣಿಸಲಾಗಿದೆ.’ ಆ ತಾರೀಖು ಇದೆಯೆಂದೇ ನಮಗೆ ಯಾರೂ ಹೇಳಿರಲಿಲ್ಲ. ಆಫೀಸಿಗೆ ಫೋನ್ ಮಾಡಿದರೆ ‘ಸಾರ್ ಹೈಕೋರ್ಟಲ್ಲಿದಾರೆ’. ಮೂರು ವರ್ಷ ನಾವು ತಾರೀಖು ತಿಳಿದುಕೊಂಡದ್ದು ಜೂನಿಯರ್ ಬಾಯಿಂದ. ಅದೇ ವಿವರ ಪುಕ್ಕಟೆಯಾಗಿ ಜೇಬಿನಲ್ಲೇ ಸಿಗುತ್ತಿತ್ತು.

ನಡುವೆ ಬಂದವರು

ವಕೀಲರನ್ನು ಬದಲಾಯಿಸಬೇಕು ಎಂದಾಗ ಚಿಕ್ಕಮ್ಮನಿಗೆ ಇದ್ದ ಭಯ ಒಂದೇ. ‘ಫೈಲು ಕೊಡ್ದೇ ಹೋದ್ರೆ ಏನ್ ಮಾಡದು ಮಗಾ?’ ಬಾಕಿ ಫೀಸಿಗೆಂದು ಫೈಲು ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೂ ನಾವು ಕಾನೂನು ಮಾತಾಡಲು ಹೋಗಲಿಲ್ಲ. ಬೀಗರ ಕಡೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಎಲೆ ಅಡಿಕೆ ಹಾಕಿಕೊಂಡು, ಬೇರೆ ವಕೀಲರನ್ನು ಇಟ್ಟುಕೊಳ್ಳಲು ತಕರಾರಿಲ್ಲ ಎಂಬ ಎನ್‌ಒಸಿ ಬರೆಸಿಕೊಂಡು ಬಂದೆವು. ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು.

ಮುಂದೆ ಇಬ್ಬರನ್ನು ಕಂಡೆವು. ಒಬ್ಬರು ‘ಈಗೇನೂ ಕೊಡಬೇಡಿ, ಗೆದ್ದ ಮೇಲೆ ಹತ್ತು ಗುಂಟೆ ನನ್ನ ಹೆಸರಿಗೆ ಮಾಡಿ’ ಎಂದರು. ಚಿಕ್ಕಮ್ಮನಿಗೆ ಅದು ಉಪಕಾರದಂತೆ ಕಂಡಿತು. ಗೆಲುವಿನ ಮೇಲೆ ಫೀಸು ಗೊತ್ತುಮಾಡುವುದು, ಸಿಕ್ಕಿದ್ದರಲ್ಲಿ ಪಾಲು ಕೇಳುವುದು ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಡತೆ ನಿಯಮಗಳಲ್ಲೇ ಇದೆ. ನಿಯಮ ಬಿಡಿ, ಪಾಲು ಇಟ್ಟುಕೊಂಡ ವಕೀಲರು ನಾಳೆ ರಾಜಿಗೆ ಒಪ್ಪುತ್ತಾರೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ಬಾಗಿಲು ತೆರೆದೇ ಇತ್ತು, ನಾವು ನೋಡಿರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ ಪಂಗಡದವರಿಗೆ, ಮಕ್ಕಳಿಗೆ, ಅಂಗವಿಕಲರಿಗೆ ಕೂಡ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, 15100ಕ್ಕೆ ಫೋನೂ ಮಾಡಬಹುದು. ಮೂರು ವರ್ಷ ಅದರ ಬೋರ್ಡಿನ ಕೆಳಗೇ ಕೂತು ಬುತ್ತಿ ಉಂಡಿದ್ದೆವು. ಚಿಕ್ಕಮ್ಮ ಮಾತ್ರ ‘ಬಿಟ್ಟಿ ವಕೀಲ್ರು ಗಮನ ಕೊಟ್ಟು ನೋಡ್ತಾರಾ?’ ಎಂದು ಹಟ ಹಿಡಿದರು. ದುಡ್ಡು ಕೊಟ್ಟವರು ಎಷ್ಟು ಗಮನ ಕೊಟ್ಟರು ಎಂದು ನಾನು ಕೇಳಲಿಲ್ಲ.

ಎರಡನೇ ವಕೀಲರು

ಆ ಸಮಿತಿಯ ಕಚೇರಿಗೆ ವಿಚಾರಿಸಲು ಹೋದಾಗ ಸಿಕ್ಕವರು ಈ ಮೇಡಂ. ತಾಲ್ಲೂಕು ಕೋರ್ಟಿನಲ್ಲೇ ಪ್ರಾಕ್ಟೀಸು. ಆಫೀಸೆಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ನಾನು ಫೀಸಿನ ಮಾತೆತ್ತಿದರೆ ‘ಅದು ಆಮೇಲೆ, ಮೊದಲು ಫೈಲು ಬಿಟ್ಟು ಹೋಗಿ, ಸೋಮವಾರ ಬನ್ನಿ’ ಎಂದರು. ಸೋಮವಾರ ಹೋದಾಗ ಫೈಲಿನ ತುಂಬಾ ಪೆನ್ಸಿಲ್ ಗುರುತು. ಕೇಳಿದ ಮೊದಲ ಪ್ರಶ್ನೆ ಇದು:

‘ಅಮ್ಮಾ, ನಿಮ್ಮದೂ ಅವರದೂ ಸರ್ವೆ ನಂಬರ್ ಒಂದೇ, ಹಿಸ್ಸಾ ಮಾತ್ರ ಬೇರೆ. ಮೊದಲು ಒಂದೇ ತೋಟ ಆಗಿತ್ತಾ?’

‘ಹೌದಲ್ಲ ಮೇಡಂ, ನಮ್ಮ ಮಾವನೂ ಅವರ ತಮ್ಮನೂ ಪಾಲಾಗಿದ್ದು.’

‘ಪಾರೀಕತ್ತು ಎಲ್ಲಿದೆ?’

ಪಾಲು ಹಂಚಿಕೊಂಡ ಆ ಪತ್ರ ಎಲ್ಲಿಯೂ ಇರಲಿಲ್ಲ. ಮೊದಲ ವಕೀಲರು ಕೇಳಿರಲಿಲ್ಲ, ನಮಗೆ ಹೊಳೆದಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಇಂಡೆಕ್ಸ್ ಹುಡುಕಿಸಿ, ಅರ್ಜಿ ಕೊಟ್ಟು, ಹನ್ನೊಂದನೇ ದಿನ ದೃಢೀಕೃತ ನಕಲು ಕೈಗೆ ಬಂತು. 1974ರ ನೋಂದಾಯಿತ ಪಾಲುಪಾರೀಕತ್ತು. ‘ಎ’ ಷೆಡ್ಯೂಲು, ‘ಬಿ’ ಷೆಡ್ಯೂಲು ಎಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ಒಂದೂವರೆ ಸಾಲು: ಹಿಂದಿನ ಪಾಲಿನವರು ಮುಂದಿನ ಪಾಲಿನ ಮೂಲಕ ಈಗ ಇರುವಂತೆ ಬಂಡಿ, ಎತ್ತು, ಆಳು ಹೋಗಿಬರಲು ಮುಂದಿನ ಪಾಲಿನವರ ತಕರಾರು ಇರತಕ್ಕದ್ದಲ್ಲ.

ಕೊಂಡವರ ಮೂವತ್ತು ವರ್ಷದ ಇಸಿ 1987ಕ್ಕೆ ನಿಂತಿತ್ತು. ಹಿಂದಕ್ಕೆ ಹೋಗಿದ್ದರೂ ಪಾರೀಕತ್ತು ಆಗಿದೆ ಎಂಬುದು ಗೊತ್ತಾಗುತ್ತಿತ್ತು, ಒಳಗಿನ ಸಾಲು ಇಸಿಯಲ್ಲಿ ಬರುವುದಿಲ್ಲ. ಪತ್ರ ತರಿಸಿ ಓದಬೇಕು.

ಈಗ ಮೇಡಂ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಬೇರೆಯವರ ಜಮೀನಿನ ಮೇಲೆ ಓಡಾಡುವ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬೇರೆ ಬೇರೆ ಬೇರುಗಳಿವೆ. ಒಂದು, ಬರೆದುಕೊಟ್ಟ ಹಕ್ಕು. ಇನ್ನೊಂದು ಅಗತ್ಯದಿಂದ ಹುಟ್ಟುವುದು, 13ನೇ ಕಲಂ: ಒಂದೇ ಜಮೀನು ಪಾಲಾಗಿ ಒಂದಕ್ಕೆ ಬೇರೆ ದಾರಿಯೇ ಇಲ್ಲದಾಗ. ಮತ್ತೊಂದು 15ನೇ ಕಲಮಿನ ರೂಢಿಯ ಹಕ್ಕು: ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಳಸಿರಬೇಕು, ಆ 20 ವರ್ಷ ದಾವೆ ಹಾಕುವುದಕ್ಕೆ ಹಿಂದಿನ ಎರಡು ವರ್ಷದೊಳಗೆ ಬಂದು ಮುಗಿದಿರಬೇಕು.

ಈ ‘ಎರಡು ವರ್ಷ’ ನಮ್ಮ ಕುತ್ತಿಗೆಗೆ ಬಂತು. ನಾನು ಜಾಣತನ ತೋರಿಸಲು ಹೋಗಿ ‘ಈ ಹಾಳು ದಾವೆ ವಾಪಸ್ ತಗೊಂಡು ಹೊಸದು ಹಾಕೋಣ ಮೇಡಂ’ ಎಂದಿದ್ದೆ. ಕೋರ್ಟಿನ ಅನುಮತಿ ಪಡೆದು ಹಾಗೆ ಮಾಡಲು ಅವಕಾಶ ಉಂಟು. ಆದರೆ ಬೇಲಿ ಬಿದ್ದು ಆಗಲೇ ಮೂರು ವರ್ಷ ಆಗಿತ್ತು. 2021ರಲ್ಲಿ ಹೊಸ ದಾವೆ ಹಾಕಿದರೆ ರೂಢಿಯ ಹಕ್ಕಿನ ಲೆಕ್ಕ ತಪ್ಪುವ ಅಪಾಯ. ಕೆಟ್ಟದೋ ಒಳ್ಳೆಯದೋ, 2018ರ ದಾವೆ ಅವಧಿಯೊಳಗೆ ಹಾಕಿದ್ದು, ಅದರ ತಾರೀಖನ್ನು ಉಳಿಸಿಕೊಳ್ಳಬೇಕು. ಆದ್ದರಿಂದ ತಿದ್ದುಪಡಿ ಅರ್ಜಿ. ಮೊದಲ ವಕೀಲರಿಗೆ ನಾನು ಮನಸ್ಸಿನಲ್ಲೇ ಸ್ವಲ್ಪ ಕ್ಷಮೆ ಕೇಳಿದ್ದು ಆಗ. ಕೇಳಿದ್ದು ತಪ್ಪಾದರೂ ಹೊತ್ತಿಗೆ ಸರಿಯಾಗಿ ಹಾಕಿದ್ದರು.

ತಿದ್ದುಪಡಿಗೂ ಒಂದು ಬಾಗಿಲಿದೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಕೇಳಿದರೆ, ಎಷ್ಟು ಎಚ್ಚರದಿಂದಿದ್ದರೂ ಮೊದಲೇ ಕೇಳಲು ಆಗುತ್ತಿರಲಿಲ್ಲ ಎಂದು ತೋರಿಸಬೇಕು. ವಿಚಾರಣೆ ಶುರುವಾಗುವುದು ಯಾವಾಗ? ಸಾಕ್ಷಿಯ ಮುಖ್ಯ ವಿಚಾರಣೆಯ ಪ್ರಮಾಣಪತ್ರ ಸಲ್ಲಿಕೆಯಾದಾಗ ಎಂದು 2009ರ ವಿದ್ಯಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮಲ್ಲಿ ಅದು ಸಲ್ಲಿಕೆಯೇ ಆಗಿರಲಿಲ್ಲ. ‘ಸಾಕ್ಷ್ಯ ಇಲ್ಲ’ ಎಂದು ಬರೆಸಿಕೊಂಡ ಅವಮಾನವೇ ಇಲ್ಲಿ ಕೈ ಹಿಡಿಯಿತು. ಎರಡು ಸಾವಿರ ರೂಪಾಯಿ ಖರ್ಚು ಕಟ್ಟಿಸಿಕೊಂಡು ಕೋರ್ಟು ತಿದ್ದುಪಡಿಗೆ ಒಪ್ಪಿತು, ಸಾಕ್ಷ್ಯಕ್ಕೆ ಮತ್ತೆ ಅವಕಾಶ ಕೊಟ್ಟಿತು.

ಹೊಸ ದಾವೆಯಲ್ಲಿ ‘ಎ’ ಷೆಡ್ಯೂಲು ತೋಟ, ‘ಬಿ’ ಷೆಡ್ಯೂಲು ದಾರಿ, ಉದ್ದ ಅಗಲ ಸಮೇತ, ಕೈ ನಕ್ಷೆ ಲಗತ್ತಿಸಿ. ಕೇಳಿದ್ದು ಮೂರು: ದಾರಿಯ ಹಕ್ಕು ಇದೆ ಎಂಬ ಘೋಷಣೆ, ಬೇಲಿ ತೆಗೆಸುವ ಕಡ್ಡಾಯ ಆಜ್ಞೆ, ಮುಂದೆ ಅಡ್ಡಿಪಡಿಸದಂತೆ ನಿರ್ಬಂಧಕಾಜ್ಞೆ. ಹಕ್ಕಿನ ಆಧಾರವಾಗಿ ಮೊದಲು ಪಾರೀಕತ್ತಿನ ಬರವಣಿಗೆ, ಅದು ನಿಲ್ಲದಿದ್ದರೆ ಅಗತ್ಯ, ಅದೂ ನಿಲ್ಲದಿದ್ದರೆ ರೂಢಿ. ಜಮೀನಿನ ಒಡೆತನದ ಕೇಸುಗಳಲ್ಲೂ ಇದೇ ಮಾತು. ಹಕ್ಕಿನ ಮೇಲೇ ಮೋಡ ಕವಿದಿದ್ದರೆ ಬರೀ ನಿರ್ಬಂಧಕಾಜ್ಞೆ ಸಾಲದು, ಘೋಷಣೆ ಕೇಳಬೇಕು ಎಂದು 2008ರಲ್ಲೇ ಅನಾಥುಲ ಸುಧಾಕರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದರೂ ತಾಲ್ಲೂಕು ಕೋರ್ಟುಗಳಲ್ಲಿ ಬರೀ ಇಂಜಂಕ್ಷನ್ ದಾವೆಗಳೇ ಬೀಳುತ್ತಿರುತ್ತವೆ. ಕೋರ್ಟು ಶುಲ್ಕ ಕಡಿಮೆ, ಟೈಪು ಸಿದ್ಧ, ಕಕ್ಷಿದಾರನಿಗೂ ‘ಸ್ಟೇ’ ಎಂಬ ಒಂದೇ ಪದ ಗೊತ್ತು.

ಫೀಸು ಅರವತ್ತು ಸಾವಿರ, ನಾಲ್ಕು ಕಂತು: ವಕಾಲತ್ತಿಗೆ, ತಿದ್ದುಪಡಿ ಆದಾಗ, ಸಾಕ್ಷ್ಯದ ಹಂತದಲ್ಲಿ, ವಾದಕ್ಕೆ ಅಥವಾ ರಾಜಿಗೆ. ತಾರೀಖಿನ ಭತ್ಯೆ ಇಲ್ಲ. ಇದನ್ನು ಅವರೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟರು. ಲೆಕ್ಕ ಬರೆಯುವವನಾದ ನಾನು ಮೊದಲ ಸಲ ಅಂಥದ್ದನ್ನು ಕೇಳಿಯೇ ಇರಲಿಲ್ಲ ಎಂಬುದು ನಾಚಿಕೆಯ ವಿಷಯ.

ಎಳೇ ಗಿಡಗಳು

2022ರಲ್ಲಿ ಮೇಡಂ ಕೋರ್ಟ್ ಕಮಿಷನರ್ (ಸ್ಥಳ ನೋಡಿ ಕೋರ್ಟಿಗೆ ವರದಿ ಕೊಡುವವರು) ನೇಮಕಕ್ಕೆ ಅರ್ಜಿ ಹಾಕಿದರು. ಎದುರಿನವರದು ಮಾಮೂಲಿ ಆಕ್ಷೇಪಣೆ: ಸಾಕ್ಷ್ಯ ಸಂಗ್ರಹಿಸಿ ಕೊಡಲು ಕಮಿಷನರ್ ನೇಮಿಸುವಂತಿಲ್ಲ. ಸ್ಥಳದ ಭೌತಿಕ ಲಕ್ಷಣ ಗುರುತಿಸುವುದಕ್ಕೆ ಮಾತ್ರ ಎಂದು ಕೋರ್ಟು ಒಬ್ಬ ವಕೀಲರನ್ನು ನೇಮಿಸಿತು, ಜೊತೆಗೆ ತಾಲ್ಲೂಕು ಭೂಮಾಪಕರು. ಕಮಿಷನರ್ ಶುಲ್ಕ ಎಂಟು ಸಾವಿರ ನಾವೇ ಕಟ್ಟಿದೆವು.

ಸ್ಥಳ ತನಿಖೆಯ ದಿನ ಎಲ್ಲರೂ ಸರಪಳಿ ಹಿಡಿದು ಅಳೆಯುತ್ತಿದ್ದರು. ದಾರಿಯ ಗುರುತು ಅಷ್ಟಾಗಿ ಇರಲಿಲ್ಲ. ನಾಲ್ಕು ಮಳೆಗಾಲ ಕಳೆದಿತ್ತು, ಮೇಲೆ ಕಾಫಿ ಗಿಡ ನೆಟ್ಟಿದ್ದರು. ಬೇಲಿಯ ಹೊರಗೆ ನಿಂತಿದ್ದ ಚಿಕ್ಕಮ್ಮ ಮೇಡಂ ಕಿವಿಯಲ್ಲಿ ಏನೋ ಹೇಳಿದರು. ಮೇಡಂ ಕಮಿಷನರ್ ಹತ್ತಿರ ಹೋಗಿ, ಗಿಡಗಳ ಬುಡದ ಸುತ್ತಳತೆ ಬರೆದುಕೊಳ್ಳಿ ಎಂದು ಲಿಖಿತವಾಗಿ ಮೆಮೋ ಕೊಟ್ಟರು.

ಇಡೀ ತೋಟದ ರೊಬಸ್ಟಾ ತೋಳು ಗಾತ್ರದ ಕಾಂಡದ ಹಳೇ ಗಿಡ. ನಡುವೆ ಹತ್ತಡಿ ಅಗಲದ ಒಂದು ಪಟ್ಟಿಯಲ್ಲಿ ಮಾತ್ರ ಹೆಬ್ಬೆರಳು ಗಾತ್ರದ ಎಳೇ ಗಿಡ, ರಸ್ತೆಯಿಂದ ಹಿಡಿದು ಚಿಕ್ಕಮ್ಮನ ತೋಟದ ಬಾಯಿಯವರೆಗೆ ಉದ್ದಕ್ಕೂ. ಪಟ್ಟಿಯ ಎರಡೂ ಬದಿಗೆ ಸಾಲು ಹಿಡಿದ ಹಳೇ ಸಿಲ್ವರ್ ಮರಗಳು. ಇಳಿಜಾರಿನಲ್ಲಿ ಪಾಚಿ ಹಿಡಿದ ಕಲ್ಲು ಕಟ್ಟಣೆ. ತೋಟದವರು ಹತ್ತಡಿ ಜಾಗವನ್ನು ದಶಕಗಟ್ಟಲೆ ಯಾಕೆ ಖಾಲಿ ಬಿಟ್ಟಾರು? ಕಮಿಷನರ್ ವರದಿಯಲ್ಲಿ ಅಭಿಪ್ರಾಯವೇನೂ ಇಲ್ಲ, ಅಳತೆ ಮಾತ್ರ. ಅಷ್ಟೇ ಬೇಕಾಗಿದ್ದದ್ದು.

ಪಾಟೀಸವಾಲು

2023ರ ಬೇಸಿಗೆಯಲ್ಲಿ ಚಿಕ್ಕಮ್ಮ ಸಾಕ್ಷಿಕಟ್ಟೆ ಹತ್ತಿದರು. ಹಿಂದಿನ ರಾತ್ರಿ ನಾನು ‘ಸಂಕದ ಬಗ್ಗೆ ಕೇಳಿದರೆ ಗೊತ್ತಿಲ್ಲ ಅನ್ನು’ ಎಂದು ಹೇಳಿಕೊಟ್ಟಿದ್ದೆ. ಮೇಡಂಗೆ ಅದು ಹೇಗೋ ತಿಳಿದು ನನಗೆ ಚೆನ್ನಾಗಿ ಬೈದರು.

‘ಹಳ್ಳದ ಕಡೆಯಿಂದ ನಿಮ್ಮ ತೋಟಕ್ಕೆ ಹೋಗಬಹುದು ಎಂದರೆ ಸರಿಯೇ?’

‘ಹೌದು ಸ್ವಾಮಿ. ಸಂಕ ಉಂಟು. ಮನುಷ್ಯರು ಹೋಗ್ಬಹುದು. ಅದ್ರಲ್ಲೇ ಅಲ್ವಾ ಇಷ್ಟು ವರ್ಷ ಹೊತ್ತಿದ್ದು.’

ಎದುರು ವಕೀಲರು ಕೂತರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಅಗತ್ಯದ ಹಕ್ಕಿಗೆ ಸಂಪೂರ್ಣ ಅಗತ್ಯ ಇರಬೇಕು. ಎಷ್ಟೇ ಕಷ್ಟದ್ದಾದರೂ ಬೇರೊಂದು ದಾರಿ ಇದ್ದರೆ ಅದು ನಿಲ್ಲುವುದಿಲ್ಲ. 13ನೇ ಕಲಂ ಅಲ್ಲಿಗೆ ಮುಗಿಯಿತು. ಆದರೆ ಬರೆದುಕೊಟ್ಟ ಹಕ್ಕಿಗೆ ಈ ಪ್ರಶ್ನೆಯೇ ಇಲ್ಲ. ಬೇರೆ ದಾರಿ ಇದ್ದರೂ ಬರವಣಿಗೆಯಿಂದ ಬಂದದ್ದು ಅಳಿಯುವುದಿಲ್ಲ ಎಂದು 2006ರ ಹೀರೋ ವಿನೋತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ದಾವೆಯಲ್ಲಿ ಅಗತ್ಯ ಒಂದನ್ನೇ ನೆಚ್ಚಿಕೊಂಡಿದ್ದರೆ ಆ ಒಂದು ಉತ್ತರಕ್ಕೆ ಕೇಸು ನೆಲ ಕಚ್ಚುತ್ತಿತ್ತು. ಚಿಕ್ಕಮ್ಮ ಸುಳ್ಳು ಹೇಳಿದ್ದರೆ? ಕಮಿಷನರ್ ನಕ್ಷೆಯಲ್ಲೇ ಸಂಕ ಇತ್ತು.

ಎದುರಿನವರ ಹತ್ತಿರ ಇನ್ನೊಂದು ಬಾಣ ಉಳಿದಿತ್ತು, ಅದು ಚೂಪಾಗಿಯೇ ಇತ್ತು. ಪಾರೀಕತ್ತಿನಲ್ಲಿ ಇರುವುದು ‘ಬಂಡಿ, ಎತ್ತು, ಆಳು’. ಪಿಕಪ್ ಇಲ್ಲ. ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ ಎಂದು ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಹೇಳುತ್ತದೆ. ‘ಡಿಕ್ರಿ ನಿಮ್ಮ ಕಡೆ ಆದರೂ ಎತ್ತಿನ ಗಾಡಿಗೆ ಮಾತ್ರ ಆದರೆ?’ ಎಂದು ಮೇಡಂ ನಮ್ಮನ್ನೇ ಕೇಳಿದರು. ಚಿಕ್ಕಮ್ಮನ ಕೊಟ್ಟಿಗೆಯಲ್ಲಿ ಎತ್ತು ಕಟ್ಟದೆ ಹದಿನೈದು ವರ್ಷವಾಗಿತ್ತು. ಮೇಲೆ ಅಪೀಲು ಸೀನಿಯರ್ ಸಿವಿಲ್ ಕೋರ್ಟಿಗೆ, ಅಲ್ಲಿಂದ ಬೆಂಗಳೂರಿನ ಹೈಕೋರ್ಟಿಗೆ. ಚಿಕ್ಕಮ್ಮನಿಗೆ ಆಗ ಅರವತ್ತೆಂಟು.

ರಾಜಿ

ಗೆಲ್ಲುವ ಹೊತ್ತಿಗೆ ರಾಜಿ ಯಾಕೆ ಎಂದು ನೆಂಟರು ಬೈದರು. ಎರಡೂ ಕಡೆಯವರಿಗೆ ಒಂದೊಂದು ಭಯ ಇದ್ದ ಆ ಹೊತ್ತೇ ರಾಜಿಗೆ ಸರಿ ಎಂಬುದು ನನ್ನ ಲೆಕ್ಕ. ಅವರಿಗೆ ಎಳೇ ಗಿಡಗಳ ವರದಿ, ನಮಗೆ ಎತ್ತಿನ ಗಾಡಿ. ನ್ಯಾಯಾಧೀಶರೇ ಕೇಸನ್ನು 2023ರ ಡಿಸೆಂಬರ್‌ನ ಲೋಕ್ ಅದಾಲತ್‌ಗೆ ಕಳಿಸಿದರು. ತೋಟದ ನಡುವೆ ವಾಹನ ಹಾಯುವುದು ಬೇಡ ಎಂಬುದಷ್ಟೇ ಎದುರಿನವರ ನಿಜವಾದ ಬೇಡಿಕೆಯಾಗಿತ್ತು ಎಂದು ಆರು ವರ್ಷದ ನಂತರ ಅಲ್ಲಿ ಗೊತ್ತಾಯಿತು. ತೋಟದ ಉತ್ತರದ ಅಂಚಿನಲ್ಲಿ ಹನ್ನೆರಡಡಿ ಅಗಲ, ಪಿಕಪ್, ಟ್ರ್ಯಾಕ್ಟರ್ ಎಲ್ಲಕ್ಕೂ. ಬದಲಿಗೆ ನಡುವಿನ ದಾರಿಯ ಹಕ್ಕು ಚಿಕ್ಕಮ್ಮ ಬಿಡುವುದು.

ಲೋಕ್ ಅದಾಲತ್‌ನ ಅವಾರ್ಡ್ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟು ಶುಲ್ಕ ವಾಪಸು. ಎಲ್ಲರೂ ಸಹಿ ಹಾಕಿ ಏಳುವವರಿದ್ದರು. ಮೇಡಂ ಬಿಡಲಿಲ್ಲ. ದಾವೆಯ ‘ಬಿ’ ಷೆಡ್ಯೂಲು ನಡುವಿನ ಪಟ್ಟಿ, ರಾಜಿಯಲ್ಲಿ ಬಂದದ್ದು ಅಂಚಿನ ಪಟ್ಟಿ. ದಾವೆಯ ವಿಷಯವಲ್ಲದ ಸ್ಥಿರಾಸ್ತಿ ರಾಜಿ ಡಿಕ್ರಿಯಲ್ಲಿ ಸೇರಿದರೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಣಿಯಾಗಬೇಕು. ಇಲ್ಲದಿದ್ದರೆ ಮುಂದೊಂದು ದಿನ ಈ ತೋಟವನ್ನು ಕೊಳ್ಳುವ ಮೂರನೆಯವರು ಮತ್ತೆ ಇಸಿ ತೆಗೆಸಿ ‘ಇಲ್ಲೇನೂ ಇಲ್ಲವಲ್ಲ’ ಎನ್ನಬಹುದು. ಭೂಮಾಪಕರ ನಕ್ಷೆ 5 ಮೀಟರಿಗೊಂದು ಕಲ್ಲು ಗುರುತಿನೊಂದಿಗೆ ಸಿದ್ಧವಾಗಿ, ದಾರಿ ಹಕ್ಕಿನ ಪತ್ರ ಫೆಬ್ರವರಿಯಲ್ಲಿ ನೋಂದಣಿಯಾಯಿತು. ಖರ್ಚು ಇಬ್ಬರದೂ ಅರ್ಧರ್ಧ.

ನನ್ನ ಪುಸ್ತಕದಲ್ಲಿರುವ ಲೆಕ್ಕ: ಮೊದಲ ವಕೀಲರಿಗೆ ಫೀಸು 25,000, ಮೂವತ್ತೊಂದು ತಾರೀಖಿಗೆ 15,500. ಎರಡನೆಯವರಿಗೆ 60,000. ಕಮಿಷನರ್ 8,000, ತಿದ್ದುಪಡಿ ಖರ್ಚು 2,000, ನಕಲು ಟೈಪು ಇತ್ಯಾದಿ 6,400. ಒಟ್ಟು 1,16,900. ಇದೇ ಅವಧಿಯ ಆರು ಕೊಯ್ಲಿನಲ್ಲಿ ಹಣ್ಣು, ಗೊಬ್ಬರ, ಸುಣ್ಣ ಸಂಕದ ಮೇಲೆ ಹೊರಿಸಿದ ಕೂಲಿ 1,70,000 ದಾಟಿದೆ. ಬಸ್ ಚಾರ್ಜು ಬರೆದಿಲ್ಲ.

ಮೊದಲ ಮಳೆಗೆ ಹೊಸ ದಾರಿಯ ಇಳಿಜಾರು ಕೊರೆದು ಪಿಕಪ್ ಹೂತಿತು. ದುರಸ್ತಿ ಯಾರದ್ದು ಎಂದು ಪತ್ರ ತೆಗೆದು ನೋಡಿದೆ. ದಾರಿಯ ಹಕ್ಕು ಯಾರಿಗೋ ದುರಸ್ತಿಯೂ ಅವರದೇ ಎಂದಿದೆ, ಕಾಯ್ದೆಯೂ ಅದನ್ನೇ ಹೇಳುತ್ತದೆ. ನೆರೆಯವರ ಟಿಪ್ಪರೂ ಅದರಲ್ಲೇ ಓಡಾಡುತ್ತದಲ್ಲ, ಅರ್ಧ ಕೇಳೋಣವಾ ಎಂದೆ. ಚಿಕ್ಕಮ್ಮ ಆಗಲೇ ಎರಡು ಲೋಡು ಜಲ್ಲಿಗೆ ಹೇಳಿ ಆಗಿತ್ತು.